ಸಹಕಾರ ಧುರೀಣ ಕಣಗಿನಹಾಳದ ಸಿದ್ದನಗೌಡ ಪಾಟೀಲರು

ಗದಗ ತಾಲೂಕಿನ ಕಣಗಿನಹಾಳವು ಸಣ್ಣ ಗ್ರಾಮವಾದರೂ ಅದರ ಕೀರ್ತಿಯು ದೊಡ್ಡದು. ಶ್ರೀಮಾನ್ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು (1843–1933) ಈ ಗ್ರಾಮದವರು.

ಇವರ ಕಾಲದಲ್ಲಿ ಈ ಸೀಮೆಯ ರೈತನ ಸ್ಥಿತಿಯು ಶೋಚನೀಯವಾಗಿತ್ತು. 1876–78ರ ಘೋರ ಕ್ಷಾಮವು ಮನೆಮನೆಗಳನ್ನು ಬರಿದುಮಾಡಿತ್ತು. ಬಿತ್ತನೆಗೆ ಸಾಲ, ಸಾಲಕ್ಕೆ ಬಡ್ಡಿ, ಬಡ್ಡಿಗೆ ಹೊಲ. ಹೀಗೆ ಭೂಮಿಯು ಕೈಬಿಡುತ್ತಿತ್ತು. 1884ರಲ್ಲಿ ರೈಲು ಬಂದು ಗದಗ ಪೇಟೆಯು ಬೆಳೆಯಿತು. ಅರಳೆ ಬೆಳೆದವನು ಬೆಳೆಯಲಿಲ್ಲ.

1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯದೆಯು ಜಾರಿಗೆ ಬರಲು, ಅರವತ್ತು ದಾಟಿದ್ದ ಪಾಟೀಲರು ಮರುವರ್ಷವೇ ತಮ್ಮೂರಿನಲ್ಲಿ ಒಕ್ಕಲುತನದ ಪತ್ತಿನ ಸಂಘವನ್ನು ಸ್ಥಾಪಿಸಿ ಅದರ ಅಧ್ಯಕ್ಷರಾದರು. ಅದು ಭರತಖಂಡದಲ್ಲಿಯೇ ಮೊದಲನೆಯದೆಂದು ಪ್ರಸಿದ್ಧವಾಗಿದೆ. ಆ ಕಾಯದೆಯಂತೆ ಗ್ರಾಮಸಂಘದ ಸದಸ್ಯರ ಹೊಣೆಯು ಅಪರಿಮಿತವಾಗಿತ್ತು. ಒಬ್ಬನು ಸಾಲ ತೀರಿಸದೆ ಹೋದರೆ ಉಳಿದವರೆಲ್ಲರ ಹೊಲಮನೆಗಳಿಗೂ ಆ ಭಾರವು ತಟ್ಟುತ್ತಿತ್ತು. ಆದುದರಿಂದ ನೆರೆಯವನ ನಡತೆಯೇ ಒತ್ತೆಯಾಯಿತು. ಉಳ್ಳವರಾದ ಗೌಡರು ಇಲ್ಲದವರ ಸಾಲಕ್ಕೆ ಹೆಗಲು ಕೊಟ್ಟುದು ಸಾಮಾನ್ಯವಾದ ಧೈರ್ಯವಲ್ಲ.

ಹಳ್ಳಿಯಲ್ಲಿ ಬಿತ್ತಿದ ಬೀಜವು ಪೇಟೆಯಲ್ಲಿಯೂ ಚಿಗುರಿತು. 1917ರಲ್ಲಿ ಗದಗಿನಲ್ಲಿ ಸಹಕಾರಿ ಅರಳೆ ಮಾರಾಟದ ಸಂಘವು ಹುಟ್ಟಿತು. ದಲಾಲನು ಹೇಳಿದ ದರಕ್ಕೆ ಒಬ್ಬೊಬ್ಬನೇ ತಲೆಬಾಗುತ್ತಿದ್ದ ರೈತರಿಗೆ, ಒಟ್ಟಾಗಿ ಮಾರುವ ಮಾರ್ಗವು ತೆರೆಯಿತು.

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಈ ಪೇಟೆಗಳೆಲ್ಲವೂ ಸುತ್ತಲಿನ ಹಳ್ಳಿಗಳ ದುಡಿಮೆಯಿಂದ ಬಾಳತಕ್ಕವು. ಊರಿನ ಹಣವು ಊರಿನಲ್ಲಿಯೇ ತಿರುಗಿ ಬರಗಾಲದಲ್ಲಿ ಬಡವನ ಕೈಹಿಡಿದರೆ ಪಟ್ಟಣವೂ ನಿಲ್ಲುವುದು. ತಮ್ಮೂರ ಸಂಘದ ಸಾಲವನ್ನು ವಾಯಿದೆಗೆ ಸರಿಯಾಗಿ ಮುಟ್ಟಿಸುವುದೇ ಭಕ್ತಜನರು ಆ ಹಿರಿಯರಿಗೆ ಸಲ್ಲಿಸತಕ್ಕ ಗೌರವವು.