ಬೊಕ್ಕಸಕ್ಕೂ ಬಿಡಾರಕ್ಕೂ ನಡುವೆ ಸಿಲುಕಿದ ಸಾಮ್ರಾಟ

ರೋಮನ್ ಸೇನೆಯ ಮಾತು ಬಂದಾಗಲೆಲ್ಲ ನಮ್ಮ ಓದು ಜೂಲಿಯಸ್ ಸೀಸರ್‌ನಲ್ಲಿಯೇ ನಿಂತುಬಿಡುತ್ತದೆ. ಆತನಿಗಿಂತ ಆರು ಶತಮಾನಗಳ ತರುವಾಯ ಕಾನ್‌ಸ್ಟಾಂಟಿನೋಪಲ್‌ನಿಂದ ಆಳಿದ ಮಾರಿಸ್‌ನನ್ನು ಆ ಸೇನೆಯ ಕೊನೆಯ ದೊಡ್ಡ ಸುಧಾರಕರಲ್ಲಿ ಒಬ್ಬನೆಂದು ನಾನು ಪರಿಗಣಿಸುತ್ತೇನೆ. ತಾನು ತಿದ್ದಿದ ಸೇನೆಯೇ ತಿರುಗಿಬಿದ್ದು ಆತನನ್ನು ಬಲಿ ತೆಗೆದುಕೊಂಡಿತು.

539ರಲ್ಲಿ ಕಪಡೋಸಿಯದ ಅರಬಿಸಸ್‌ನಲ್ಲಿ ಹುಟ್ಟಿದ ಮಾರಿಸ್ ರಾಜಧಾನಿಯಲ್ಲಿ ಮೊದಲು ಹಿಡಿದದ್ದು ಖಡ್ಗವನ್ನಲ್ಲ, ಲೇಖನಿಯನ್ನು. ಲಿಪಿಕಾರನಾಗಿದ್ದವನು ಅರಮನೆಯ ಕಾವಲುಪಡೆಯ ಮುಖ್ಯಸ್ಥನಾಗಿ, ಬಳಿಕ ಪರ್ಷಿಯದ ವಿರುದ್ಧ ಪೂರ್ವದ ಸೇನೆಯ ದಂಡನಾಯಕನಾದ. ದಂಡಿಳಿದ ಜಾಗದ ಸುತ್ತ ಕಂದಕ ತೋಡುವ ಪ್ರಾಚೀನ ರೋಮನ್ ಪದ್ಧತಿ ಸೈನಿಕರ ಸೋಮಾರಿತನದಿಂದ ಮರೆತುಹೋಗಿತ್ತು. ಅದನ್ನು ಆತ ಮರಳಿ ಜಾರಿಗೆ ತಂದ. ಅವರಿಗೆ ಇದು ರುಚಿಸಿರಲಿಕ್ಕಿಲ್ಲ. 582ರ ಆಗಸ್ಟ್‌ನಲ್ಲಿ ಸಾಮ್ರಾಟ ಎರಡನೆಯ ಟೈಬೀರಿಯಸ್ ಮರಣಶಯ್ಯೆಯಲ್ಲಿ ತನ್ನ ಕಿರೀಟವನ್ನೂ ಮಗಳನ್ನೂ ಈ ಮಾಜಿ ಲಿಪಿಕಾರನಿಗೆ ಒಪ್ಪಿಸಿದ. ಜೊತೆಗೆ ದೊರೆತದ್ದು, ಧಾರಾಳಿಯಾಗಿದ್ದ ಮಾವ ಬರಿದು ಮಾಡಿಟ್ಟ ಬೊಕ್ಕಸ.

ಮಾರಿಸ್‌ನ ಹೆಸರಿನಲ್ಲಿ ಪ್ರಚಲಿತವಿರುವ ಸ್ಟ್ರಾಟೆಜಿಕಾನ್ ಎಂಬ ಸೇನಾಶಾಸ್ತ್ರವನ್ನು ಆತನೇ ಬರೆದನೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆದರೆ ಅದು ಆತನ ಕಾಲದ ಸೇನೆಯದೇ ಚಿತ್ರ. ಅಲ್ಲಿ ಕಾಲಾಳಿಗಿಂತ ಅಶ್ವದಳಕ್ಕೆ ಮೊದಲ ಸ್ಥಾನ. ಸವಾರನ ಪಾದಕ್ಕೆ ಆಸರೆಯಾಗುವ ಕಬ್ಬಿಣದ ರಿಕಾಪುಗಳು ಯುರೋಪಿನ ಬರವಣಿಗೆಯಲ್ಲಿ ಮೊದಲು ಕಾಣಿಸುವುದು ಇಲ್ಲಿಯೇ. ಗುಡಾರ, ಈಟಿ, ಕುದುರೆಯ ಸಜ್ಜು ಇವುಗಳಲ್ಲಿ ಶತ್ರುಗಳಾದ ಅವಾರರನ್ನು ಅನುಸರಿಸಲು ಗ್ರಂಥ ಸಂಕೋಚವಿಲ್ಲದೆ ಸೂಚಿಸುತ್ತದೆ. ಪರ್ಷಿಯನ್ನರು, ಅವಾರರು, ಫ್ರಾಂಕರು, ಸ್ಲಾವರು ಹೇಗೆ ಕಾದಾಡುತ್ತಾರೆ ಎಂಬುದಕ್ಕೆ ಒಂದು ಅಧ್ಯಾಯವೇ ಮೀಸಲು. ಶತ್ರುವನ್ನು ಜರೆಯುವುದಕ್ಕಿಂತ ಅಧ್ಯಯನ ಮಾಡುವುದು ಲೇಸೆಂದು ತಿಳಿದ ಈ ಮನೋಧರ್ಮ ನನಗೆ ಗ್ರಂಥದ ಉಳಿದೆಲ್ಲ ತಂತ್ರಗಳಿಗಿಂತ ಹಿರಿದಾಗಿ ಕಾಣುತ್ತದೆ.

ಪೂರ್ವದಲ್ಲಿ ಆತನಿಗೆ ಅದೃಷ್ಟವೂ ಒಲಿಯಿತು. 590ರಲ್ಲಿ ದಂಗೆಗೆ ಬೆದರಿ ಓಡಿಬಂದ ಪರ್ಷಿಯದ ಎರಡನೆಯ ಖುಸ್ರೋವಿಗೆ ಮಾರಿಸ್ ಸೈನ್ಯ ಕೊಟ್ಟು, ಮರುವರ್ಷ ಸಿಂಹಾಸನವನ್ನು ಮರಳಿ ದೊರಕಿಸಿದ. (ನಮ್ಮ ಇಮ್ಮಡಿ ಪುಲಿಕೇಶಿಯೊಡನೆ ರಾಯಭಾರ ಸಂಬಂಧವಿತ್ತೆಂದು ಅನೇಕ ಇತಿಹಾಸಕಾರರು ಹೇಳುವುದು ಇದೇ ಖುಸ್ರೋವಿನ ಬಗ್ಗೆ.) ಪ್ರತಿಫಲವಾಗಿ ಅರ್ಮೇನಿಯದ ಬಹುಭಾಗ ರೋಮನ್ನರ ಕೈಸೇರಿತು. ಬಿಡುವಾದ ಸೇನೆ ಡ್ಯಾನ್ಯೂಬ್ ತೀರಕ್ಕೆ ಹೊರಳಿತು.

ಆದರೆ ಸಂಬಳದ ಲೆಕ್ಕದಲ್ಲಿ ಆತ ಎಡವಿದ. 588ರಲ್ಲಿ ವೇತನವನ್ನು ಕಾಲುಭಾಗ ಕಡಿತಗೊಳಿಸಿದಾಗ ಪೂರ್ವದ ಸೇನೆ ದಂಗೆಯೆದ್ದಿತು. ಯುದ್ಧದಲ್ಲಿ ಮಡಿದವರ ಮಕ್ಕಳಿಗೆ ತಂದೆಯ ಹುದ್ದೆ, ಅಂಗವಿಕಲರಾದವರಿಗೆ ಜೀವನಾಧಾರ ಎಂಬ ಆತನ ಉದಾರ ಕ್ರಮಗಳನ್ನು ಸೈನಿಕರು ಸ್ವಾಗತಿಸಿದರು ನಿಜ. ಅವುಗಳ ಜೊತೆಗೇ ನಗದಿಗೆ ಬದಲಾಗಿ ಬಟ್ಟೆ, ಆಯುಧ ಕೊಡುವ ಯೋಜನೆಯೂ ಬಂದಾಗ ಮತ್ತೆ ಕೆರಳಿದರು. ಅವಾರರ ಸೆರೆಯಲ್ಲಿದ್ದ ಸಾವಿರಾರು ಯೋಧರನ್ನು ಒತ್ತೆಹಣ ಕೊಟ್ಟು ಬಿಡಿಸಲು ಆತ ಒಪ್ಪಲಿಲ್ಲ, ಅವರೆಲ್ಲ ಹತರಾದರು ಎಂದು ಚರಿತ್ರಕಾರರು ಬರೆದಿದ್ದಾರೆ. ಸಂಖ್ಯೆಯಲ್ಲಿ ಉತ್ಪ್ರೇಕ್ಷೆಯಿರಬಹುದು, ಬಿಡಾರಗಳಲ್ಲಿ ಹುಟ್ಟಿದ ಕಹಿಯಲ್ಲಿ ಉತ್ಪ್ರೇಕ್ಷೆಯಿಲ್ಲ.

602ರ ಚಳಿಗಾಲವನ್ನು ಡ್ಯಾನ್ಯೂಬಿನ ಆಚೆ, ಶತ್ರುನೆಲದಲ್ಲಿಯೇ ಕಳೆಯಬೇಕೆಂದು ಆಜ್ಞೆ ಹೊರಟಿತು. ಎಲೆಯುದುರಿದ ಕಾಡುಗಳಲ್ಲಿ ಸ್ಲಾವರಿಗೆ ಅಡಗಲು ತಾವಿರುವುದಿಲ್ಲ. ಸೈನ್ಯದ ಆಹಾರದ ಖರ್ಚೂ ಉಳಿಯುತ್ತದೆ. ಯುದ್ಧತಂತ್ರದ ದೃಷ್ಟಿಯಿಂದ ಅದು ಸರಿಯಾದ ನಿರ್ಧಾರವೇ. ಆದರೆ ಒಂಬತ್ತು ವರ್ಷಗಳ ಹಿಂದೆ ಇದೇ ಆಜ್ಞೆಗೆ ಸೈನ್ಯ ಪ್ರತಿಭಟಿಸಿದ್ದನ್ನು ಬಲ್ಲ ಅರಸ ಅದನ್ನು ಪುನರುಚ್ಚರಿಸಿದ್ದನ್ನು ನಾನು ಹಠವೆಂದೇ ಕರೆಯುತ್ತೇನೆ. ಸೈನಿಕರು ಫೋಕಸ್ ಎಂಬ ಕೆಳದರ್ಜೆಯ ಅಧಿಕಾರಿಯನ್ನು ನಾಯಕನನ್ನಾಗಿ ಮಾಡಿಕೊಂಡು ರಾಜಧಾನಿಯತ್ತ ತಿರುಗಿದರು. ನಗರವೂ ಕೈಬಿಟ್ಟಿತು.

ಕೀಲುವಾತದಿಂದ ನರಳುತ್ತಿದ್ದ ಮಾರಿಸ್ ಸಂಸಾರಸಮೇತ ಬಿರುಗಾಳಿಯ ರಾತ್ರಿ ಸಮುದ್ರ ದಾಟಿದರೂ ಸೆರೆಸಿಕ್ಕ. ನವೆಂಬರ್ 27ರಂದು ಚಾಲ್ಸೆಡನ್‌ನ ಬಂದರಿನಲ್ಲಿ ಆತನ ಕಣ್ಣೆದುರಿಗೇ ಐವರು ಗಂಡುಮಕ್ಕಳ ತಲೆ ಕಡಿದರು. ಕೂಸೊಂದನ್ನು ಉಳಿಸಲು ದಾದಿ ತನ್ನ ಮಗುವನ್ನು ಮುಂದೊಡ್ಡಿದಳಂತೆ. ಮಾರಿಸ್ ಅದಕ್ಕೆ ಸಮ್ಮತಿಸದೆ ನಿಜವನ್ನು ತಿಳಿಸಿದನಂತೆ. ಕೊನೆಯದು ಆತನ ಸರದಿ.

ತನ್ನ ಉಪಕಾರಿಯ ಕೊಲೆಯನ್ನೇ ನೆಪವಾಗಿಸಿಕೊಂಡು ಖುಸ್ರೋ ಯುದ್ಧ ಸಾರಿದ. 614ರಲ್ಲಿ ಜೆರುಸಲೇಂ ಪತನವಾಯಿತು, ಬಳಿಕ ಈಜಿಪ್ಟ್ ಕೈತಪ್ಪಿತು. ಕಳೆದುಕೊಂಡ ಪ್ರಾಂತ್ಯಗಳನ್ನು ಮರಳಿ ಪಡೆದು ಯುದ್ಧ ಮುಗಿಸುವ ಹೊತ್ತಿಗೆ 628 ಬಂದಿತ್ತು. ಅದಾದ ಎಂಟೇ ವರ್ಷಕ್ಕೆ ಯರ್ಮೂಕ್ ನದಿಯ ಬಳಿ ಅರಬ್ಬರೆದುರು ಆ ದಣಿದ ಸೇನೆ ಸೋತಿತು.