ಹಾರ್ಲಿ ಅರ್ಲ್ ಮತ್ತು ಅರ್ಧ ಮೈಕ್ರಾನ್ ಹೊಳಪು

1958ರ ಬ್ಯೂಯಿಕ್ ಕಾರಿನ ಮುಂಭಾಗದ ಜಾಲರಿಯಲ್ಲಿ ಒಂದಲ್ಲ ಎರಡಲ್ಲ, 160 ಚೌಕಗಳಿವೆ. ಎಲ್ಲಕ್ಕೂ ಕ್ರೋಮ್. ರೇಡಿಯೇಟರ್‌ಗೆ ಗಾಳಿ ಹೋಗಬೇಕು, ಅದೇನೋ ಸರಿ. ಆದರೆ ಇಷ್ಟೊಂದು ಯಾಕಪ್ಪಾ ಅಂತ ಫೋಟೋ ನೋಡಿದ ಯಾರಿಗಾದರೂ ಅನಿಸುತ್ತೆ. ಅದರ ಹಿಂದೆ ಇದ್ದವರು ಜನರಲ್ ಮೋಟರ್ಸ್‌ನ ಸ್ಟೈಲಿಂಗ್ ಮುಖ್ಯಸ್ಥ ಹಾರ್ಲಿ ಅರ್ಲ್. ಹಳೇ ಅಮೆರಿಕನ್ ಕಾರು ಅಂದ ಕೂಡಲೇ ನಮ್ಮ ಕಣ್ಮುಂದೆ ಬರೋ ಉದ್ದ ಬಾಡಿ, ಹಿಂದೆ ರೆಕ್ಕೆ, ಮೂತಿ ತುಂಬಾ ಬೆಳ್ಳಿ ಹೊಳಪು, ಇದೆಲ್ಲ ಹೆಚ್ಚುಕಡಿಮೆ ಅವರ ಕಾಣಿಕೆ.

ಅರ್ಲ್ ಹುಟ್ಟಿದ್ದು 1893ರ ನವೆಂಬರ್ 22ರಂದು, ಲಾಸ್ ಏಂಜಲೀಸ್‌ನಲ್ಲಿ. ಅಪ್ಪ ಕುದುರೆಗಾಡಿ ಕಟ್ಟುತ್ತಿದ್ದವರು, 1908ರಲ್ಲಿ ಕಾರಿನ ಕೆಲಸಕ್ಕೆ ಇಳಿದರು. ಮಗ ಸ್ಟ್ಯಾನ್‌ಫರ್ಡ್‌ಗೆ ಸೇರಿದರೂ ಡಿಗ್ರಿ ಮುಗಿಸಲಿಲ್ಲ. (ಇದನ್ನ ಮನೇಲಿ ಉದಾಹರಣೆ ಕೊಡೋಕೆ ಹೋಗಬೇಡಿ.) ಅಪ್ಪನ ವರ್ಕ್‌ಶಾಪ್‌ನಲ್ಲೇ ಹಾಲಿವುಡ್ ನಟರಿಗೆ ಬೇಕಾದ ಹಾಗೆ ಕಾರಿನ ಬಾಡಿ ರೂಪಿಸುತ್ತಾ ಕೆಲಸ ಕಲಿತರು. ಆಕಾರವನ್ನ ಮೊದಲು ಜೇಡಿಮಣ್ಣಿನಲ್ಲಿ ಮಾಡಿ ನೋಡೋದು ಅವರ ಅಭ್ಯಾಸ. ಕಾರ್ ಕಂಪನಿಗಳು ಆಮೇಲೆ ಅದನ್ನೇ ಹಿಡಿದವು. ಕ್ಯಾಡಿಲಾಕ್‌ನವರು ಈ ಹುಡುಗನನ್ನ ಗಮನಿಸಿ ಡೆಟ್ರಾಯ್ಟ್‌ಗೆ ಕರೆಸಿದರು. 1927ರ ಲಾಸಾಲ್ ಕಾರು ಗೆದ್ದಿತು. ಅದೇ ವರ್ಷ ಜನರಲ್ ಮೋಟರ್ಸ್ ಅಧ್ಯಕ್ಷ ಆಲ್ಫ್ರೆಡ್ ಸ್ಲೋನ್ ಬಣ್ಣ ಮತ್ತು ರೂಪಕ್ಕೆಂದೇ ಹೊಸ ವಿಭಾಗ ತೆರೆದು ಅರ್ಲ್ ಕೈಗೆ ಕೊಟ್ಟರು.

ಎಂಜಿನಿಯರ್‌ಗಳು ಇವರನ್ನ ಚಿತ್ರ ಬಿಡಿಸೋ ಹುಡುಗರು ಅಂತ ಆಡಿಕೊಂಡರು. 1929ರ ಬ್ಯೂಯಿಕ್‌ನಲ್ಲಿ ಅರ್ಲ್ ಕೊಟ್ಟ ಆಕಾರ ಕಾರ್ಖಾನೆಯಲ್ಲಿ ಬದಲಾಗಿ, ಸೊಂಟದ ಹತ್ರ ಉಬ್ಬಿಕೊಂಡು, ಕಾರು ಬಸುರಿ ಥರ ಕಾಣ್ತಿದೆ ಅಂತ ಜನ ನಕ್ಕರು. ನಾವೂ ಎಂಜಿನಿಯರಿಂಗ್‌ನವರೇ, ಆದರೂ ಈ ಜಗಳದಲ್ಲಿ ನಮ್ಮ ವೋಟು ಅರ್ಲ್‌ಗೆ.

ಅದೇ ಹೊತ್ತಿಗೆ, 1920ರ ದಶಕದ ಮಧ್ಯದಲ್ಲಿ, ಕ್ರೋಮ್ ಪ್ಲೇಟಿಂಗ್ ಪ್ರಯೋಗಶಾಲೆಯಿಂದ ಕಾರಿಗೆ ಬಂತು. ಅದಕ್ಕೂ ಮುಂಚೆ ಹಿತ್ತಾಳೆ, ಆಮೇಲೆ ನಿಕಲ್. ಎರಡೂ ಮಂಕಾಗುತ್ತವೆ, ಉಜ್ಜುತ್ತಲೇ ಇರಬೇಕು. ಕ್ರೋಮಿಯಂ ಮಾತ್ರ ಗಾಳಿ ತಗುಲಿದ ತಕ್ಷಣ ಕಣ್ಣಿಗೆ ಕಾಣದ ಆಕ್ಸೈಡ್ ಪದರ ಕಟ್ಟಿಕೊಂಡು ಸುಮ್ಮನಾಗಿಬಿಡುತ್ತೆ. ಅರ್ಲ್‌ಗೆ ಬೇಕಾಗಿದ್ದು ಇದೇ. ಶೋರೂಮ್‌ನಿಂದ ಹೊರಬಿದ್ದ ಮೇಲೂ ಉಳಿಯೋ ಹೊಳಪು.

ಆದರೆ ಬಂಪರ್ ಪೂರ್ತಿ ಕ್ರೋಮ್ ಅಲ್ಲ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಒಳಗೆ ಉಕ್ಕು, ಅದರ ಮೇಲೆ ಎಷ್ಟೋ ಸಲ ತಾಮ್ರ, ಅದರ ಮೇಲೆ ಹತ್ತಿಪ್ಪತ್ತು ಮೈಕ್ರಾನ್ ನಿಕಲ್, ಕಟ್ಟಕಡೆಗೆ ಕ್ರೋಮ್, ಅದೂ ಸುಮಾರು ಕಾಲರಿಂದ ಅರ್ಧ ಮೈಕ್ರಾನ್. ತಲೆಗೂದಲು ಎಪ್ಪತ್ತು ಮೈಕ್ರಾನ್ ಇರುತ್ತೆ, ಲೆಕ್ಕ ಹಾಕಿ. ಹೊಳೆಯೋದು ಬಹುಪಾಲು ನಿಕಲ್, ಅದನ್ನ ಕಾಯೋದು ಕ್ರೋಮ್.

ಪಾಲಿಶ್ ಆರಿಸುವಾಗ ತಲೇಲಿ ಇಟ್ಕೋಬೇಕಾದ್ದು ಇದೇ. ಒರಟು ಪಾಲಿಶ್ ಹೊಳಪನ್ನ ಸೇರಿಸೋದಿಲ್ಲ, ಲೋಹವನ್ನ ತೆಗೆಯುತ್ತೆ. ಗಟ್ಟಿ ಹಿತ್ತಾಳೆ ಚೊಂಬನ್ನ ನೂರು ವರ್ಷ ಉಜ್ಜಬಹುದು, ಅರ್ಧ ಮೈಕ್ರಾನನ್ನ ಉಜ್ಜೋಕಾಗಲ್ಲ. ಕ್ರೋಮಿಯಂ ತುಂಬಾ ಗಡಸು, ಮೋಹ್ಸ್ ಮಾಪಕದಲ್ಲಿ 8.5. ಆದರೆ ಪೇಂಟಿಗೆ ಹಾಕೋ ರಬ್ಬಿಂಗ್ ಕಾಂಪೌಂಡ್‌ನಲ್ಲಿ ಅಲ್ಯೂಮಿನಿಯಂ ಆಕ್ಸೈಡ್ ಕಣಗಳಿದ್ದರೆ ಅವು 9. ಕ್ರೋಮ್‌ಗೆಂದೇ ಮಾಡಿದ, ಉಜ್ಜುವ ಕಣಗಳಿಲ್ಲದ ಪಾಲಿಶ್ ಸಾಕು. ಅದಕ್ಕೂ ಮುಂಚೆ ನೀರು, ಕಾರ್ ಶಾಂಪೂ ಹಾಕಿ ಧೂಳು ತೊಳೀಬೇಕು, ಇಲ್ಲಾಂದ್ರೆ ಬಟ್ಟೆಯೇ ಸ್ಯಾಂಡ್‌ಪೇಪರ್ ಆಗುತ್ತೆ. ಕೊನೆಗೆ ಮೆತ್ತಗಿನ ಬಟ್ಟೆಯಲ್ಲಿ ವ್ಯಾಕ್ಸ್. ಟಾಯ್ಲೆಟ್ ಕ್ಲೀನರ್ ಕಡೆ ಕೈ ಹಾಕಲೇಬೇಡಿ. ಅಂಥ ಎಷ್ಟೋ ಬಾಟಲಿಗಳಲ್ಲಿ ಹೈಡ್ರೋಕ್ಲೋರಿಕ್ ಆಸಿಡ್ ಇರುತ್ತೆ, ಹಳೇ ಕ್ರೋಮ್ ಕರಗಿಸಿ ತೆಗೆಯೋಕೆ ಪ್ಲೇಟಿಂಗ್‌ನವರು ಬಳಸೋದೂ ಅದೇ ಆಸಿಡ್. ಹಾಸ್ಟೆಲ್ ಪಾರ್ಕಿಂಗ್‌ನಲ್ಲಿರೋ ಬೈಕಿನ ಕ್ರೋಮ್‌ಗೂ ಇದೆಲ್ಲ ಅನ್ವಯ.

ಸಣ್ಣ ತುಕ್ಕಿನ ಚುಕ್ಕೆ ಬಿದ್ದಿದ್ದರೆ ಅಲ್ಯೂಮಿನಿಯಂ ಫಾಯಿಲ್ ಮುದುರಿ, ನೀರಲ್ಲಿ ಅದ್ದಿ, ಮೆಲ್ಲಗೆ ಉಜ್ಜಬಹುದು. ಫಾಯಿಲ್ ಕ್ರೋಮ್‌ಗಿಂತ ಬಹಳ ಮೆತ್ತಗೆ. ಸ್ಟೀಲ್ ಸ್ಕ್ರಬ್ಬರ್ ಬೇಡ, ಅದರ ಚೂರುಗಳು ಅಲ್ಲೇ ಉಳಿದು ತಾವೇ ತುಕ್ಕು ಹಿಡಿಯುತ್ತವೆ. ಕ್ರೋಮ್ ಪೂರ್ತಿ ಹೋದರೆ ಮತ್ತೆ ಪ್ಲೇಟ್ ಮಾಡಿಸಬಹುದಲ್ಲ ಅಂತೀರಾ? ಆ ತೊಟ್ಟಿಯಲ್ಲಿ ಸಾಮಾನ್ಯವಾಗಿ ಇರೋದು ಹೆಕ್ಸಾವೇಲೆಂಟ್ ಕ್ರೋಮಿಯಂ, ಅದರ ಹಬೆ ಕ್ಯಾನ್ಸರ್ ತರುತ್ತೆ. ನಮ್ಮ ಉದಾಸೀನಕ್ಕೆ ಅದನ್ನ ಉಸಿರಾಡೋರು ಬೇರೆ ಯಾರೋ.

ಅರ್ಲ್ ಕಥೆಗೆ ವಾಪಸ್ ಬರೋಣ. 1938ರ ಬ್ಯೂಯಿಕ್ ವೈ-ಜಾಬ್ ಅವರು ಪ್ರಯೋಗಕ್ಕಂತ ಮಾಡಿಸಿ, ಆಮೇಲೆ ತಮ್ಮ ಸ್ವಂತ ಕಾರಿನ ಹಾಗೆ ಓಡಿಸಿಕೊಂಡಿದ್ದ ಗಾಡಿ. 1940ರಲ್ಲಿ ಕಂಪನಿಯ ಉಪಾಧ್ಯಕ್ಷರಾದರು. ಲಾಕ್‌ಹೀಡ್ ಪಿ-38 ಯುದ್ಧವಿಮಾನದ ಬಾಲ ನೋಡಿ ಮೆಚ್ಚಿಕೊಂಡಿದ್ದು 1948ರ ಕ್ಯಾಡಿಲಾಕ್‌ನಲ್ಲಿ ರೆಕ್ಕೆಯಾಯಿತು. ನಂತರ ಕೊರಿಯಾ ಯುದ್ಧ ಬಂತು. ನಿಕಲ್ ಸೈನ್ಯಕ್ಕೆ ಬೇಕಿತ್ತು, ಸರ್ಕಾರ ಬಳಕೆಗೆ ಮಿತಿ ಹಾಕಿತು. 1952ರ ಸುಮಾರಿನ ಹಲವು ಅಮೆರಿಕನ್ ಕಾರುಗಳಲ್ಲಿ ತಾಮ್ರದ ಮೇಲೆ ನೇರವಾಗಿ ಕ್ರೋಮ್ ಹಾಕಿ, ಮೇಲೆ ಪಾರದರ್ಶಕ ಲ್ಯಾಕರ್ ಬಳಿದರು. ಲ್ಯಾಕರ್ ಸವೆದ ಮೇಲೆ ಬಂಪರ್‌ಗಳಿಗೆ ಬೇಗ ತುಕ್ಕು ಬಂತು. ಎಷ್ಟು ದೊಡ್ಡ ಡಿಸೈನರ್ ಆದರೇನು, ಕೆಳಗಿನ ಪದರ ಇಲ್ಲಾಂದ್ರೆ ಕೈಚೆಲ್ಲಬೇಕಷ್ಟೆ.

ಅರ್ಲ್ ಬೇರೆ ಲೋಹಗಳ ಕಡೆಗೂ ಹೋದರು. 1951ರ ಲೆ ಸೇಬರ್‌ಗೆ ಅಲ್ಯೂಮಿನಿಯಂ, ಮೆಗ್ನೀಸಿಯಂ. 1956ರ ಫೈರ್‌ಬರ್ಡ್ 2ಕ್ಕೆ ಟೈಟಾನಿಯಂ ಬಾಡಿ. 1957ರ ಎಲ್ಡೊರಾಡೊ ಬ್ರೋಮ್‌ನ ಚಾವಣಿ ಸ್ಟೇನ್‌ಲೆಸ್ ಸ್ಟೀಲ್. ಕಾರು ಒಂದೇ ಆದರೂ ಪಾಲಿಶ್ ಒಂದೇ ಅಲ್ಲ. ಮನೇಲಿ ಹಿತ್ತಾಳೆಗೆ ಹುಣಸೆಹಣ್ಣು ಹಾಕಿ ತೊಳೀತಾರೆ, ಅದು ಸರಿ. ಅಲ್ಯೂಮಿನಿಯಂ ಮಾತ್ರ ಆಸಿಡ್‌ಗೂ ಕರಗುತ್ತೆ, ಕ್ಷಾರಕ್ಕೂ ಕರಗುತ್ತೆ, ಹಾಗಾಗಿ ಅದಕ್ಕೆ ಎರಡೂ ಅಲ್ಲದ ಕ್ಲೀನರ್ ನೋಡಬೇಕು. ಆನೊಡೈಸ್ ಮಾಡಿದ್ದರಂತೂ ಪಾಲಿಶ್ ಹಚ್ಚಲೇಬಾರದು, ಆ ಲೇಪವೇ ಎದ್ದುಹೋಗುತ್ತೆ. ಸ್ಟೇನ್‌ಲೆಸ್ ಒಳಗೂ ಹೊರಗೂ ಒಂದೇ ಲೋಹ, ಉಜ್ಜಿದರೆ ತಡೆಯುತ್ತೆ. ಗೀರು ವಿನ್ಯಾಸವಿದ್ದರೆ ಆ ಗೀರಿನ ದಿಕ್ಕಿಗೇ ಉಜ್ಜಿ, ಬ್ಲೀಚ್ ಮಾತ್ರ ದೂರ ಇಡಿ.

1958ರ ಹೊತ್ತಿಗೆ ಕ್ರೋಮ್ ಅತಿಯಾಯಿತು ಅಂತಲೇ ನಮ್ಮ ಅಭಿಪ್ರಾಯ. ಅರ್ಲ್ ಆ ವರ್ಷದ ಕೊನೆಯಲ್ಲಿ, 65ನೇ ವಯಸ್ಸಿಗೆ, ನಿವೃತ್ತರಾದರು. ಜಾಗಕ್ಕೆ ಬಿಲ್ ಮಿಚೆಲ್ ಬಂದರು, ಕಾರುಗಳು ಮೆಲ್ಲಗೆ ಸರಳವಾದವು. ಅರ್ಲ್ 1969ರ ಏಪ್ರಿಲ್ 10ರಂದು ಫ್ಲಾರಿಡಾದಲ್ಲಿ ತೀರಿಕೊಂಡರು. ವೈ-ಜಾಬ್ ಇವತ್ತಿಗೂ ಕಂಪನಿಯ ಸಂಗ್ರಹದಲ್ಲಿದೆ. ಆ 160 ಚೌಕದ ಬ್ಯೂಯಿಕ್ ಇಟ್ಟುಕೊಂಡವರಿಗೆ ಮಾತ್ರ ಕೆಲಸ ಜಾಸ್ತಿ. ಒಂದೊಂದು ಮೂಲೆಗೂ ಮೆತ್ತಗಿನ ಬ್ರಶ್ ಹಾಕಿ ತೊಳೆದು, ನೀರು ನಿಲ್ಲದ ಹಾಗೆ ಒರೆಸಬೇಕು. ಗುಳಿ ಬೀಳೋದು ಶುರುವಾಗೋದು ಆ ಮೂಲೆಗಳಲ್ಲೇ.