ಬಳೆಗಾರರ ಮನೆಯ ಕವಿಚಕ್ರವರ್ತಿ ರನ್ನ

ಮಹಾಕವಿ ರನ್ನ ಹುಟ್ಟಿದ್ದು ಕ್ರಿ.ಶ. 949ರಲ್ಲಿ, ಇಂದಿನ ಬಾಗಲಕೋಟೆ ಜಿಲ್ಲೆಯ ಮುಧೋಳದಲ್ಲಿ. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಬಳೆಗಾರರ ಮನೆತನ. ವಿದ್ಯೆಯ ಹಂಬಲ ಹೊತ್ತು ಊರು ಬಿಟ್ಟ ರನ್ನ ಗಂಗರ ನಾಡಿಗೆ ಬಂದ. ಅಲ್ಲಿ ಅಜಿತಸೇನಾಚಾರ್ಯರು ಗುರುಗಳಾದರು, ಚಾವುಂಡರಾಯ ಆಶ್ರಯ ಕೊಟ್ಟ. ವ್ಯಾಕರಣದಲ್ಲಿ ರನ್ನ ವಿಶೇಷ ಪರಿಣತಿ ಪಡೆದ.

ಆದರೆ ಓದಿದವರೆಲ್ಲ ಕವಿಗಳಾಗುವುದಿಲ್ಲ. ರನ್ನನ ಹೆಚ್ಚುಗಾರಿಕೆ ಇರುವುದು ಓದಿದ್ದನ್ನು ಬಳಸಿಕೊಂಡ ಬಗೆಯಲ್ಲಿ. ಭಾರತದ ಕಥೆಯನ್ನು ಪಂಪ ಆಗಲೇ ಕನ್ನಡದಲ್ಲಿ ಹೇಳಿ ಮುಗಿಸಿದ್ದ. ಅಂಥ ಕವಿಯ ನಂತರ ಬರೆಯುವುದು ಸುಲಭವಲ್ಲ. ರನ್ನ ಪಂಪಭಾರತದ 13ನೇ ಆಶ್ವಾಸದ ಗದಾಯುದ್ಧ ಪ್ರಸಂಗವನ್ನೇ ಎತ್ತಿಕೊಂಡು 10 ಆಶ್ವಾಸಗಳ ಕಾವ್ಯವಾಗಿ ಬೆಳೆಸಿದ. ಯುದ್ಧದ ಕೊನೆಯ ದಿನದಲ್ಲಿ ನಿಂತು, ಹಿಂದೆ ನಡೆದದ್ದನ್ನು ಸಿಂಹಾವಲೋಕನ ಕ್ರಮದಲ್ಲಿ ಪಾತ್ರಗಳ ಬಾಯಿಂದಲೇ ಹೇಳಿಸಿದ. ಆಶ್ರಯದಾತ ಸತ್ಯಾಶ್ರಯನನ್ನು ಹೋಲಿಸಿದ್ದು ಗೆಲ್ಲುವ ಭೀಮನಿಗೆ. ಆದರೂ ಸೋಲುವ ದುರ್ಯೋಧನನ ದುಃಖವನ್ನು ಕುಗ್ಗಿಸಲಿಲ್ಲ. ತಮ್ಮ ದುಶ್ಶಾಸನ, ಗೆಳೆಯ ಕರ್ಣರ ಶವಗಳ ಮುಂದೆ ಅವನು ಗೋಳಿಡುವ ಭಾಗವೇ ಇಂದಿಗೂ ಓದುಗರ ಮನಸ್ಸನ್ನು ಹೆಚ್ಚು ಕಲಕುತ್ತದೆ.

ಚಾಳುಕ್ಯ ತೈಲಪನಿಂದ ಕವಿಚಕ್ರವರ್ತಿ ಬಿರುದು ಬಂತು. 993ರಲ್ಲಿ, ದಾನಚಿಂತಾಮಣಿ ಅತ್ತಿಮಬ್ಬೆಯ ಪೋಷಣೆಯಲ್ಲಿ ಅಜಿತಪುರಾಣ ಪೂರ್ಣಗೊಂಡಿತು. ನೆರವಾದ ಇಬ್ಬರನ್ನೂ ರನ್ನ ಮರೆಯಲಿಲ್ಲ: ಮಗನಿಗೆ ರಾಯ, ಮಗಳಿಗೆ ಅತ್ತಿಮಬ್ಬೆ ಎಂದು ಹೆಸರಿಟ್ಟ.